ಅವಸರವಿಲ್ಲದೆ ಕರಾವಳಿ: ಕೊಪ್ಪಳ ಕಡೆಯವರಿಗೆ ಅಘನಾಶಿನಿ ದಂಡೆಯ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯಿಂದ ಸಮುದ್ರಕ್ಕೆ ಹೊರಡುವವರ ಲೆಕ್ಕ ಹೆಚ್ಚುಕಡಿಮೆ ಒಂದೇ. ಶುಕ್ರವಾರ ರಾತ್ರಿ ಊಟ ಮುಗಿಸಿ ಕ್ರೂಸರ್ ಹತ್ತುವುದು. ಬೆಳಕು ಹರಿಯುವಾಗ ಗೋಕರ್ಣ, ಮಧ್ಯಾಹ್ನ ಇಡಗುಂಜಿ, ಸಂಜೆ ಮುರ್ಡೇಶ್ವರ, ಮರುದಿನ ಕೊಲ್ಲೂರು, ಹೊತ್ತು ಉಳಿದರೆ ಉಡುಪಿ. ಭಾನುವಾರ ನಡುರಾತ್ರಿ ಮನೆ. ದೇವರ ದರ್ಶನವೇ ಮುಖ್ಯ ಅನ್ನುವವರಿಗೆ ಇದು ಸರಿ. ಆದರೆ ಕರಾವಳಿಯನ್ನೇ ನೋಡಬೇಕು ಅಂತ ಹೊರಟವರಿಗೆ ಈ ಲೆಕ್ಕದಲ್ಲಿ ಸಿಗುವುದು ಹೆದ್ದಾರಿ ಮತ್ತು ಪಾರ್ಕಿಂಗ್ ಜಾಗ ಮಾತ್ರ.

ಉತ್ತರ ಕನ್ನಡದ ದಂಡೆ ಉದ್ದಕ್ಕೂ ಮರಳು ಹಾಸಿದ ಸಪಾಟು ದಂಡೆಯಲ್ಲ. ಗುಡ್ಡಗಳು ನೇರ ಸಮುದ್ರಕ್ಕೆ ಇಳಿಯುತ್ತವೆ. ನಡುನಡುವೆ ಸಣ್ಣ ಸಣ್ಣ ಮರಳಿನ ತಾವು, ಆಮೇಲೆ ಮತ್ತೆ ಬಂಡೆ, ಆಮೇಲೆ ಹೊಳೆಯ ಬಾಯಿ. ಬೆಳಗ್ಗೆ ಆರಾಮಾಗಿ ದಾಟಿದ ಬಂಡೆ ಮಧ್ಯಾಹ್ನ ನೀರಿನೊಳಗೆ ಇರುತ್ತದೆ. ಹಾಗಾಗಿ ಇಲ್ಲಿ ಊರಿಂದ ಊರಿಗೆ ಓಡಿದಷ್ಟೂ ಕಾಣುವುದು ಕಡಿಮೆ. ಒಂದೇ ಕಡೆ ಕೂತರೆ ಅದೇ ಜಾಗ ದಿನಕ್ಕೆ ನಾಲ್ಕು ಸಲ ಬೇರೆ ಆಗುವುದನ್ನು ನೋಡಬಹುದು. ನಾನು ಹೇಳುವುದು ಇಷ್ಟೇ: ಐದು ಊರು ಬಿಡಿ, ಒಂದು ಹೊಳೆಯ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಹಿಡಿಯಿರಿ, ಅಲ್ಲಿ ಐದು ದಿನ ಇರಿ. ಅದನ್ನು ಹೇಗೆ ಮಾಡುವುದು ಅಂತ ಮುಂದೆ ಬರೆದಿದ್ದೇನೆ.

1. ಜಾಗ ಸಣ್ಣದಾಗಿ ಆರಿಸಿ

ನನ್ನ ಆಯ್ಕೆ ಅಘನಾಶಿನಿ. ಶಿರಸಿ ಬಳಿ ಹುಟ್ಟಿ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ಹೊಳೆ. ಇದಕ್ಕೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ತುಂಗಭದ್ರಾ ಡ್ಯಾಮಿನ ಗೇಟಿನ ಲೆಕ್ಕದಲ್ಲಿ ಬದುಕುವ ನಮಗೆ, ತಾನಾಗೇ ಹರಿದು ತಾನಾಗೇ ಸಮುದ್ರ ಸೇರುವ ಹೊಳೆ ನೋಡುವುದೇ ಒಂದು ಅನುಭವ. ಅಳಿವೆಯ ಉತ್ತರಕ್ಕೆ ತದಡಿ, ಬೇಲೇಕಾನ, ಗೋಕರ್ಣ. ದಕ್ಷಿಣಕ್ಕೆ ಅಘನಾಶಿನಿ ಎಂಬ ಊರು, ಕಾಗಾಲ, ಬಾಡ, ಕುಮಟಾ. ದಂಡೆ ಹಿಡಿದು ಕುಮಟಾದಿಂದ ಗೋಕರ್ಣಕ್ಕೆ ಸುಮಾರು 25 ಕಿ.ಮೀ. ಐದು ದಿನಕ್ಕೆ ಇಷ್ಟು ಜಾಗ ಸಾಕು, ಜಾಸ್ತಿಯೇ ಆಯಿತು.

2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸರ್ ಮಾನ್ಯತೆ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ನೆಲೆ ಎಂಬ ಗುರುತು, ಸಿಕ್ಕಿತು. ಅದೇ ಹೊತ್ತಿಗೆ ನಮ್ಮ ಪಕ್ಕದ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಗೂ, ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ಮಾಗಡಿ ಕೆರೆಯ ಮಾತು ಕೊನೆಯಲ್ಲಿ ಬರುತ್ತದೆ.

2. ತಿಂಗಳು ಗೊತ್ತು ಮಾಡಿ

ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಅಲ್ಲಿ 3000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದ ಸಮುದ್ರ ನೋಡಲು ಚಂದ, ಆದರೆ ಈ ಬಗೆಯ ನಡಿಗೆಗೆ ಆಗುವುದಿಲ್ಲ. ಬಂಡೆ ಮೇಲೆ ಪಾಚಿ, ದಂಡೆ ಮೇಲೆ ದೊಡ್ಡ ಅಲೆ, ಗುಡ್ಡದಲ್ಲಿ ಕುಸಿತದ ಭಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಸತ್ತರು. ಅದನ್ನು ಮರೆಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುವುದರಿಂದ ಬಂದರು ಕೂಡ ಸುಮ್ಮನಿರುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮವರಿಗೆ ಸುಲಭದ ಲೆಕ್ಕ ಅಂದರೆ, ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಹೊರಡಿ. ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿ ಎರಡನ್ನೂ ತಪ್ಪಿಸಿ. ಆಗ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೋಮವಾರ ಹೋಗಿ ಶುಕ್ರವಾರ ಹೊರಟರೆ ವಾರಾಂತ್ಯದ ಗದ್ದಲವೂ ಇಲ್ಲ. ಏಪ್ರಿಲ್, ಮೇ ಬೇಡ ಅನ್ನುತ್ತೇನೆ. ನಮ್ಮ ಬಿಸಿಲು ಒಣ ಬಿಸಿಲು, ಬೆವರು ಆರುತ್ತದೆ. ಅಲ್ಲಿ ಬೆವರು ಮೈಮೇಲೇ ನಿಲ್ಲುತ್ತದೆ. ರಾಯಚೂರಿನ ಬಿಸಿಲು ಉಂಡವರೂ ಅಲ್ಲಿ ಸೋತುಹೋಗುತ್ತಾರೆ.

3. ದಾರಿಯಲ್ಲೂ ಅವಸರ ಬೇಡ

ಬಸ್ ಅಥವಾ ಕಾರಿನಲ್ಲಾದರೆ ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಅಂಕೋಲಾವರೆಗೆ ಸುಮಾರು 250 ಕಿ.ಮೀ. ಹಗಲಲ್ಲೇ ಹೋಗಿ. ರಾತ್ರಿ ಬಸ್ ಹಿಡಿದರೆ ಈ ಪ್ರಯಾಣದ ಅರ್ಧ ರುಚಿ ನಿದ್ದೆಯಲ್ಲಿ ಹೋಗುತ್ತದೆ. ಗದಗದವರೆಗೆ ಎರೆಹೊಲ. ಜನವರಿಯಲ್ಲಾದರೆ ಕಡಲೆ, ಜೋಳ, ಕುಸುಬಿ ನಿಂತಿರುತ್ತದೆ. ಹುಬ್ಬಳ್ಳಿ ದಾಟಿ ಕಲಘಟಗಿ ಬಂದ ಮೇಲೆ ಮಣ್ಣು ಕೆಂಪಾಗುತ್ತದೆ, ಯಲ್ಲಾಪುರಕ್ಕೆ ಕಾಡು ಕೂಡುತ್ತದೆ. ಅರಬೈಲ್ ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಂಡಂತೆ ಆಗಿ, ಗಾಳಿ ಒದ್ದೆಯಾಗುತ್ತದೆ. ಕೆಳಗೆ ಇಳಿದ ಮೇಲೆ ರಸ್ತೆ ಬದಿಗೆ ಗಂಗಾವಳಿ ಸಿಗುತ್ತದೆ. ಧಾರವಾಡದ ಕಡೆ ಹುಟ್ಟಿ ಬೇಡ್ತಿ ಅನ್ನಿಸಿಕೊಂಡ ಹೊಳೆ ಇದೇ. ಯಲ್ಲಾಪುರದಲ್ಲಿ ಒಂದು ತಾಸು ನಿಲ್ಲಿ, ಚಹಾ ಕುಡಿಯಿರಿ. ಘಟ್ಟದ ತಿರುವುಗಳಿಗೆ ಹೊಟ್ಟೆ ತೊಳಸುವವರಿದ್ದರೆ ಅಲ್ಲಿ ಊಟ ಬೇಡ, ಕೆಳಗೆ ಇಳಿದ ಮೇಲೆ ಮಾಡಿ.

ರೈಲು ಇಷ್ಟಪಡುವವರಿಗೆ ಇನ್ನೊಂದು ದಾರಿ ಇದೆ. ಕೋಲ್ಕತ್ತ ಕಡೆಯಿಂದ ಗೋವಾದ ವಾಸ್ಕೊಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ರೈಲು ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಲೋಂಡಾ ಘಟ್ಟ ಇಳಿದು ದೂಧಸಾಗರದ ಮುಂದೆಯೇ ಹಾದು ಮಡಗಾಂವ್ ಮುಟ್ಟುತ್ತದೆ. ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ದಕ್ಷಿಣಕ್ಕೆ ತಿರುಗಿ ಗೋಕರ್ಣ ರೋಡ್ ಅಥವಾ ಕುಮಟಾದಲ್ಲಿ ಇಳಿಯಬಹುದು. ದೂರ ಜಾಸ್ತಿ, ಹೊತ್ತೂ ಜಾಸ್ತಿ. ಈ ರೈಲು ಪ್ರತಿದಿನ ಇಲ್ಲ, ಹೊರಡುವ ಮುಂಚೆ ವಾರ ಮತ್ತು ವೇಳೆ ನೋಡಿಕೊಳ್ಳಿ. ಸಿಂಧನೂರು, ರಾಯಚೂರು ಕಡೆಯವರು ಕೊಪ್ಪಳ ಅಥವಾ ಹೊಸಪೇಟೆಗೆ ಬಂದು ಸೇರಿಕೊಳ್ಳುವುದು ಸುಲಭ.

4. ಒಂದೇ ಮನೆ ಹಿಡಿಯಿರಿ

ದಿನಕ್ಕೊಂದು ಲಾಡ್ಜ್ ಬದಲಾಯಿಸಿದರೆ ಬೆಳಗಿನ ಹೊತ್ತೆಲ್ಲ ಚೀಲ ಕಟ್ಟುವುದರಲ್ಲೇ ಹೋಗುತ್ತದೆ, ಅಲ್ವಾ? ಬೆಳಗಿನ ಹೊತ್ತೇ ಅಲ್ಲಿನ ಒಳ್ಳೆಯ ಹೊತ್ತು. ಬೇಲೇಕಾನ, ಬಾಡ ಅಥವಾ ಕಾಗಾಲ ಕಡೆ ಹೋಂಸ್ಟೇ ಹುಡುಕಿ. ಗೋಕರ್ಣ ಪೇಟೆಯ ಒಳಗೆ ಬೇಡ. ಫೋನಿನಲ್ಲಿ ಮೂರು ಮಾತು ಕೇಳಿ: ನಡೆದುಕೊಂಡು ದಂಡೆಗೆ ಎಷ್ಟು ಹೊತ್ತು? ಮನೆ ಊಟ ಸಿಗುತ್ತದಾ? ಮನೆಯಲ್ಲಿ ಮೀನಿಗೆ ಅಥವಾ ದೋಣಿಗೆ ಹೋಗುವವರು ಯಾರಾದರೂ ಇದ್ದಾರಾ? ಮೂರನೆಯದಕ್ಕೆ ಹೌದು ಅಂದರೆ ಬೇರೆ ಏನನ್ನೂ ಕೇಳಬೇಡಿ, ಆ ಮನೆಯನ್ನೇ ಹಿಡಿಯಿರಿ. ಸಮುದ್ರದ ಬಗ್ಗೆ ಅವರು ಹೇಳುವ ಒಂದು ಮಾತು ನಿಮ್ಮ ಫೋನಿನ ಎಲ್ಲ ಆ್ಯಪ್‌ಗಿಂತ ಕೆಲಸಕ್ಕೆ ಬರುತ್ತದೆ.

ಚೀಲದಲ್ಲಿ ಜಾರದ ಸ್ಯಾಂಡಲ್, ಬೇಗ ಒಣಗುವ ಬಟ್ಟೆ, ಬ್ಯಾಟರಿ, ಓಆರ್‌ಎಸ್ ಪುಡಿ, ಟೊಪ್ಪಿಗೆ. ಒಗೆದ ಬಟ್ಟೆ ಅಲ್ಲಿ ಎರಡು ದಿನವಾದರೂ ಒಣಗದೆ ಇರಬಹುದು, ಒಂದು ಜೊತೆ ಜಾಸ್ತಿ ಇರಲಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ, ಬಂಡೆಯ ಮೇಲೆ ಕೂತು ತಿನ್ನಲು ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಆದರೆ ರೊಟ್ಟಿಯನ್ನು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ಆ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ.

5. ಭರತ–ಇಳಿತದ ಲೆಕ್ಕ ಕಲಿಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ಇವತ್ತಿನ ವೇಳೆಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಏರಿಳಿತ ಜೋರು, ಅಷ್ಟಮಿ ಹೊತ್ತಿಗೆ ಸಣ್ಣದು. ಅಂದರೆ ನಿಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ತಿಥಿಯೇ ಸಮುದ್ರದ ವೇಳಾಪಟ್ಟಿ.

ಈ ದಂಡೆಗೆ ಒಂದು ಅಂದಾಜು ಹೇಳುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯಂದು ಭರತ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಪೂರ್ತಿಯಾಗುತ್ತದೆ, ಇಳಿತ ಸಂಜೆ ಐದರ ಹೊತ್ತಿಗೆ. ಅಷ್ಟಮಿಗೆ ತಿರುಗಾಮುರುಗಾ, ಇಳಿತ ಬೆಳಗ್ಗೆ ಹನ್ನೊಂದರ ಸುಮಾರಿಗೆ. ಇದು ಬರೀ ಅಂದಾಜು. ಅವತ್ತಿನ ಸರಿಯಾದ ವೇಳೆಯನ್ನು ಮನೆಯವರ ಹತ್ತಿರ ಕೇಳಿ, ಭರತ–ಇಳಿತದ ಪಟ್ಟಿಯಲ್ಲೂ ನೋಡಿ. ದೊಡ್ಡ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ (INCOIS) ಎಂಬ ಸಮುದ್ರ ಮಾಹಿತಿ ಸಂಸ್ಥೆ ಕೊಡುತ್ತದೆ, ಹೊರಡುವ ಮುಂಚೆ ಅದನ್ನೂ ನೋಡಿಕೊಳ್ಳಿ.

ನಡೆಯುವವರಿಗೆ ನಿಯಮ ಒಂದೇ. ನೀರು ಇಳಿಯುತ್ತಿರುವಾಗ ಹೊರಡಿ, ಏರಲು ಶುರುವಾದಾಗ ವಾಪಸ್ ತಿರುಗಿ. ಏರುವ ನೀರಿನಲ್ಲಿ ಬಂಡೆಯ ಮೂಲೆ ದಾಟಿ ಆ ಕಡೆಯ ಮರಳಿಗೆ ಇಳಿಯಬೇಡಿ. ಅರ್ಧ ತಾಸಿನಲ್ಲಿ ಹಿಂದಿನ ದಾರಿ ಮುಚ್ಚಿಹೋಗಬಹುದು.

6. ಮೊದಲ ದಿನ ಎಲ್ಲೂ ಹೋಗಬೇಡಿ

ಇದನ್ನು ಪಾಲಿಸುವುದೇ ಕಷ್ಟ. ಅಷ್ಟು ದೂರ ಬಂದು ಸುಮ್ನೆ ಕೂರುವುದಾ ಅಂತ ಮನೆಯವರು ಕೇಳುತ್ತಾರೆ. ಕೂರಿ. ಮನೆ ಹತ್ತಿರದ ದಂಡೆಯಲ್ಲಿ ಒಂದು ಬಂಡೆ ಗುರುತು ಇಟ್ಟುಕೊಂಡು ಬೆಳಗ್ಗೆ, ಮಧ್ಯಾಹ್ನ, ಸಂಜೆ ನೀರು ಎಲ್ಲಿಗೆ ಬಂತು ನೋಡಿ. ಸಂಜೆಯ ಹೊತ್ತಿಗೆ ಮೇಲಿನ ಲೆಕ್ಕವೆಲ್ಲ ತಲೆಯಲ್ಲಿ ತಾನಾಗಿ ಕೂತಿರುತ್ತದೆ.

ನೀರು ಇಳಿದಾಗ ಒದ್ದೆ ಮರಳಿನ ಮೇಲೆ ಬಗ್ಗಿ ನೋಡಿ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಒಂದು ತೂತಿನ ಸುತ್ತ ರಂಗೋಲಿಯ ಎಳೆಗಳಂತೆ ಹರಡಿರುತ್ತವೆ. ಇದು ಉಗುರಿನಷ್ಟು ದೊಡ್ಡ ಏಡಿಯ ಕೆಲಸ. ಮರಳನ್ನು ಬಾಯಿಗೆ ಹಾಕಿ, ಅದಕ್ಕೆ ಅಂಟಿದ ಆಹಾರವನ್ನು ಮಾತ್ರ ಹೀರಿ, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ದೂಡುತ್ತದೆ. ನಿಮ್ಮ ನೆರಳು ಬಿದ್ದರೆ ಒಳಗೆ ಹೋಗಿಬಿಡುತ್ತದೆ. ಅಲುಗಾಡದೆ ನಾಲ್ಕೈದು ನಿಮಿಷ ಕೂತರೆ ಮೆಲ್ಲಗೆ ಹೊರಬಂದು ಮತ್ತೆ ಶುರು ಮಾಡುತ್ತದೆ. ಮುಂದಿನ ಭರತಕ್ಕೆ ಅಷ್ಟೂ ಅಳಿಸಿಹೋಗಿ, ಮುಂದಿನ ಇಳಿತಕ್ಕೆ ಮತ್ತೆ ಹೊಸದು. ಮಕ್ಕಳನ್ನು ಕರೆದೊಯ್ದರೆ ಇದೊಂದನ್ನು ತಪ್ಪದೆ ತೋರಿಸಿ.

7. ಬಂಡೆಗಳ ನಡಿಗೆ

ಎರಡನೆಯ ದಿನ ಗೋಕರ್ಣದ ದಂಡೆಯಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಸಾಲು. ಒಂದೊಂದರ ನಡುವೆ ಹೆಚ್ಚುಕಡಿಮೆ ಅರ್ಧ ತಾಸು. ಕುಡ್ಲೆ, ಓಂ ದಂಡೆಗಳ ಹತ್ತಿರದವರೆಗೆ ಗಾಡಿ ಬರುತ್ತದೆ. ಹಾಫ್ ಮೂನ್ ದಂಡೆಗೆ ನಡೆದೇ ಅಥವಾ ದೋಣಿಯಲ್ಲೇ ಹೋಗಬೇಕು. ಹಾಗಾಗಿ ಓಂ ದಾಟಿದ ಮೇಲೆ ಜನ ಒಮ್ಮೆಲೇ ಕಡಿಮೆ. ದಾರಿ ಗುಡ್ಡದ ಅಂಚಿನಲ್ಲಿ ಸಾಗುತ್ತದೆ, ಕೆಲವು ಕಡೆ ಒಬ್ಬರೇ ನಡೆಯುವಷ್ಟು ಅಗಲ. ಮಂಡಿ ನೋವಿನವರು, ಸಣ್ಣ ಮಕ್ಕಳು ಇದ್ದರೆ ಓಂ ದಂಡೆಯಲ್ಲೇ ನಿಲ್ಲಿ. ಹಾಫ್ ಮೂನ್‌ನಿಂದ ಪ್ಯಾರಡೈಸ್‌ವರೆಗೆ ಬಂಡೆ ಹತ್ತಿ ಇಳಿಯಬೇಕು. ಅದನ್ನು ಹಗಲಲ್ಲಿ, ಇಳಿತದಲ್ಲಿ, ಒಣ ಬಂಡೆಯ ಮೇಲೆ ಮಾತ್ರ ಮಾಡಿ. ಕತ್ತಲಾಗುವ ಮುಂಚೆ ವಾಪಸ್ ಬಂದಿರಿ.

ಆನೆಗೊಂದಿ, ಅಂಜನಾದ್ರಿ ಬಂಡೆ ಹತ್ತಿದ ಕಾಲಿಗೆ ಇಲ್ಲಿನ ಕಲ್ಲು ಬೇರೆಯೇ ಅನ್ನಿಸುತ್ತದೆ. ನಮ್ಮದು ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಮೈ ಒರಟು, ಕಾಲು ಹಿಡಿಯುತ್ತದೆ. ಇಲ್ಲಿ ಗುಡ್ಡದ ನೆತ್ತಿಯ ಮೇಲೆ ಇರುವುದು ಜಂಬಿಟ್ಟಿಗೆ. ಲಕ್ಷಾಂತರ ವರ್ಷಗಳ ಮಳೆ, ಕಲ್ಲಿನಲ್ಲಿ ಕರಗುವುದನ್ನೆಲ್ಲ ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಉಳಿಸಿದ್ದರಿಂದ ಆದದ್ದು. ಕೆಂಪು, ತೂತು ತೂತು, ಅಂಚಿನಲ್ಲಿ ಪುಡಿಯಾಗುತ್ತದೆ. ಅದಕ್ಕೇ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವುದು ಬೇಡವೇ ಬೇಡ. ನಮ್ಮ ಬಂಡೆಯನ್ನು ನಂಬಿದ ಹಾಗೆ ಆ ಅಂಚನ್ನು ನಂಬಬಾರದು. ಕೆಳಗೆ ಅಲೆ ಬಡಿಯುವ ಕಪ್ಪು ಬಂಡೆಗಳ ಮೇಲೆ ಸಣ್ಣ ಚಿಪ್ಪುಗಳು ಒತ್ತಾಗಿ ಅಂಟಿಕೊಂಡಿರುತ್ತವೆ, ಬರಿಗಾಲಿಗೆ ಬ್ಲೇಡಿನಷ್ಟು ಚೂಪು.

8. ಹೊಳೆ ದಾಟುವ ದಿನ

ನನಗೆ ಈ ಐದು ದಿನದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಬೆಳಗ್ಗೆ ಬೇಗ ತದಡಿ ಬಂದರಿಗೆ ಹೋಗಿ ಮೀನು ಇಳಿಸುವುದನ್ನು ನೋಡಿ. ಆಮೇಲೆ ಅಲ್ಲಿಂದ ದೋಣಿ ಹತ್ತಿ ಆ ದಡದ ಅಘನಾಶಿನಿ ಊರಿಗೆ. ಸಣ್ಣ ಪ್ರಯಾಣ. ಆದರೆ ರಸ್ತೆಯಲ್ಲಾದರೆ ದೂರ ಸುತ್ತಿ ಬರಬೇಕು. ದೋಣಿಯಲ್ಲಿ ಶಾಲೆ ಮಕ್ಕಳು, ಮೀನಿನ ಬುಟ್ಟಿ, ಬೈಕು ಎಲ್ಲ ಇರುತ್ತವೆ.

ಇಳಿತದ ಹೊತ್ತಿಗೆ ಅಳಿವೆಯ ನಡುವಿನ ಮರಳದಿಬ್ಬಗಳು ಮೇಲೆ ಬರುತ್ತವೆ. ಹೆಂಗಸರು, ಗಂಡಸರು ಮಂಡಿಯುದ್ದ, ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಎರಡು ಚಿಪ್ಪಿನ ನಡುವೆ ಇರುವ ಈ ಜೀವಿ ಈ ಹೊಳೆಯ ದಂಡೆಯ ಎಷ್ಟೋ ಮನೆಗಳ ಊಟ ಮತ್ತು ದುಡಿಮೆ. ಅವರದು ಹೊತ್ತಿನ ಮೇಲಿನ ಕೆಲಸ, ನೀರು ಏರುವ ಮುಂಚೆ ಮುಗಿಯಬೇಕು. ದೂರದಿಂದ ನೋಡಿ. ಕೇಳದೆ ಫೋಟೊ ತೆಗೆಯಬೇಡಿ. ದಡಕ್ಕೆ ಬಂದ ಮೇಲೆ ‘ಇವತ್ತು ಹೇಗೆ ಅಕ್ಕಾ’ ಅಂತ ಮಾತಾಡಿಸಿದರೆ ತಾವಾಗಿಯೇ ಬುಟ್ಟಿ ತೋರಿಸುತ್ತಾರೆ.

ದಡದ ಒಳಗಡೆ ಗಜನಿ ಗದ್ದೆಗಳಿವೆ. ಗಂಗಾವತಿ, ಸಿಂಧನೂರು, ಕಾರಟಗಿಯ ಭತ್ತದ ರೈತರು ಇದನ್ನು ನೋಡಲೆಂದೇ ಬರಬೇಕು. ನಮ್ಮಲ್ಲಿ ಕಾಲುವೆ ನೀರು ನಿಂತು ಸವಳು ಬಂದ ಹೊಲ ಅಂದರೆ ಕೈಬಿಟ್ಟ ಹೊಲ. ಇಲ್ಲಿ ಸಮುದ್ರದ ಉಪ್ಪುನೀರೇ ಬರುವ ಗದ್ದೆಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆ ನೀರು ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಎತ್ತರದ ಪೈರು, ಕೆಲವು ದಿನ ನೀರಿನಡಿ ಮುಳುಗಿದರೂ ತಡೆದುಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ತೆಗೆದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆಗೆದು ಭರತದ ನೀರು ಒಳಗೆ ಬಿಟ್ಟರೆ ಸೀಗಡಿ, ಮೀನು ಬಂದು ಆ ಹುಲ್ಲಿನ ನಡುವೆ ಬೆಳೆಯುತ್ತವೆ. ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಜನವರಿಯಲ್ಲಿ ಹೋದರೆ ಭತ್ತ ಕಾಣುವುದಿಲ್ಲ, ತೂಬಿನ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುವುದು ಕಾಣುತ್ತದೆ. ಒಡ್ಡಿನ ಮೇಲೆ ನಡೆಯುವ ಮುಂಚೆ ಒಂದು ಮಾತು ಕೇಳಿ, ಅದು ಯಾರದೋ ಹೊಲ. ಈಗ ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ನೋಡಬೇಕಾದವರು ಬೇಗ ನೋಡಬೇಕು ಅನ್ನುವುದು ನನ್ನ ಕಳಕಳಿ.

ಕಾಲಿಗೆ ಶಕ್ತಿ ಇದ್ದವರು ಅಘನಾಶಿನಿ ಊರಿನಿಂದ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ ಮೇಲೆ ಕುಮಟಾವರೆಗೆ ದಂಡೆ ಹಿಡಿದು ನಡೆಯಬಹುದು. ಎರಡು ದಿನಕ್ಕೆ ಹಂಚಿಕೊಂಡರೆ ಸುಖ. ಬಂಡೆ ಭಾಗಗಳಲ್ಲಿ ದಾರಿ ಗೊತ್ತಿರುವ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

9. ನೀರಿಗೆ ಇಳಿಯುವ ಮುಂಚೆ

ಕಾಲುವೆಯಲ್ಲಿ, ಹೊಳೆಯಲ್ಲಿ ಈಜು ಕಲಿತವರೇ ಸಮುದ್ರದಲ್ಲಿ ಜಾಸ್ತಿ ಧೈರ್ಯ ಮಾಡುತ್ತಾರೆ. ಆ ಈಜು ಇಲ್ಲಿ ಸಾಲದು. ಅಲೆಗಳು ಸಾಲಾಗಿ ಒಡೆಯುವ ಕಡೆ, ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿಗೆ ಇಳಿಯಲೇಬೇಡಿ. ದಂಡೆಗೆ ಬಂದ ನೀರು ಸಮುದ್ರಕ್ಕೆ ವಾಪಸ್ ಎಳೆದುಕೊಂಡು ಹೋಗುವ ದಾರಿ ಅದು. ಬಂಡೆಗಳ ಪಕ್ಕದಲ್ಲಿ ಈ ಸೆಳೆತ ಹೆಚ್ಚು. ಸಿಕ್ಕಿಬಿದ್ದರೆ ದಂಡೆಯ ಕಡೆಗೆ ಈಜಿ ಸುಸ್ತಾಗಬೇಡಿ. ದಂಡೆಗೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಂಡೆಗೆ ತಿರುಗಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಮುಳುಗುವವರನ್ನು ಕಂಡು ಹಾಗೇ ನೀರಿಗೆ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್, ಟ್ಯೂಬ್ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ.

ಜೀವರಕ್ಷಕರು ಇರುವ ದಂಡೆಯಲ್ಲಿ, ಹಗಲಲ್ಲಿ, ಮಂಡಿವರೆಗೆ. ಕುಡಿದು ಇಳಿಯುವುದಂತೂ ಇಲ್ಲವೇ ಇಲ್ಲ.

10. ಊಟ

ಮನೆ ಊಟವನ್ನೇ ಮಾಡಿ. ಕುಚಲಕ್ಕಿ ಅನ್ನ, ತೆಂಗಿನಕಾಯಿ ಹಾಕಿದ ಮೀನು ಸಾರು, ಹುರಿದ ಬಂಗುಡೆ. ಮೀನು ತಿನ್ನದವರಿಗೆ ತಂಬುಳಿ, ಅಪ್ಪೆಹುಳಿ, ಮುರುಗಲಿನ ಪಾನಕ. ಮೊದಲ ಎರಡು ದಿನ ನಮ್ಮ ನಾಲಿಗೆ ಖಾರ ಬೇಡುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ.

11. ನಾಲ್ಕನೆಯ ದಿನ ಬಿಸಿಲಿಗೆ ಬಿಡುವು

ಮಿರ್ಜಾನ್ ಕೋಟೆಗೆ ಅರ್ಧ ದಿನ ಕೊಡಿ. ಕುಮಟಾದಿಂದ ಸುಮಾರು 11 ಕಿ.ಮೀ. ಪೂರ್ತಿ ಜಂಬಿಟ್ಟಿಗೆ ಕಲ್ಲಿನ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಹಂಪಿಯ ಪಕ್ಕದಲ್ಲೇ ಇರುವ ನಮಗೆ ಇಲ್ಲಿ ಇನ್ನೊಂದು ಎಳೆ ಸಿಗುತ್ತದೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಇದೇ ಕರಾವಳಿಯ ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. ಗಾಡಿಯಲ್ಲಿ ಒಂದು ಹಗಲಿನಲ್ಲಿ ಬಂದ ಈ ದೂರವನ್ನು, ಆ ಘಟ್ಟವನ್ನು, ಅವು ನಡೆದು ಹತ್ತಿ ಬಂದವು.

ಸಂಜೆ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ. ಬಿಸಿಲು ಏರಿದಂತೆ ಇಲ್ಲಿ ಕೆಲಸವೂ ಏರುತ್ತದೆ. ಉಪ್ಪಿನಕಾಯಿಗೆ ಇಲ್ಲಿನ ಉಪ್ಪೇ ಬೇಕು ಅನ್ನುವ ಮನೆಗಳು ಆ ಕಡೆ ಬಹಳ. ಇದೇ ದಂಡೆಯ ಅಂಕೋಲಾದಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಒಂದು ಕಿಲೋ ಉಪ್ಪು ಕೊಂಡುಕೊಳ್ಳಿ. ಭಾರ ಅನ್ನಿಸಿದರೆ ಬೇರೆ ಏನಾದರೂ ಬಿಡಿ.

12. ವಾಪಸ್ ಬರುವಾಗ

ಕೊನೆಯ ದಿನ ಹೊಸ ಜಾಗ ಬೇಡ. ಮೊದಲ ದಿನದ ದಂಡೆಯಲ್ಲೇ ಬೆಳಗು ಕಳೆದು ಹೊರಡಿ. ಕಸವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಪೇಟೆಯವರೆಗೆ ತನ್ನಿ. ಚಿಪ್ಪು ಹೆಕ್ಕಿ ತರಬೇಡಿ, ಖಾಲಿ ಚಿಪ್ಪಿನೊಳಗೆ ಸನ್ಯಾಸಿ ಏಡಿ ಮನೆ ಮಾಡುತ್ತದೆ.

ಗಾಡಿ ನಿಮ್ಮದೇ ಆಗಿದ್ದು, ತಿಂಗಳು ಡಿಸೆಂಬರ್‌ನಿಂದ ಫೆಬ್ರವರಿ ಒಳಗಾಗಿದ್ದರೆ, ಹುಬ್ಬಳ್ಳಿಯಿಂದ ನೇರ ಗದಗಕ್ಕೆ ಬರುವ ಬದಲು ಲಕ್ಷ್ಮೇಶ್ವರದ ಮೇಲೆ ಮಾಗಡಿಗೆ ತಿರುಗಿ. ಹಿಮಾಲಯದ ಆಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಯಲ್ಲಿ ಹಿಂಡುಹಿಂಡಾಗಿ ಕೂತಿರುತ್ತವೆ. ದಂಡೆಯಿಂದ ದೂರವೇ ನಿಲ್ಲಿ, ಹಾರ್ನ್ ಹೊಡೆಯಬೇಡಿ, ಬೈನಾಕ್ಯುಲರ್ ಇದ್ದರೆ ತೆಗೆಯಿರಿ. ಅಲ್ಲಿಂದ ಗದಗ ಮೇಲೆ ರಾತ್ರಿ ಊಟದ ಹೊತ್ತಿಗೆ ಕೊಪ್ಪಳ ಮುಟ್ಟಬಹುದು.